ಹೊಲ ಯಾರ ಹೆಸರಿಗೆ, ಹಿರಿಯರ ಖರ್ಚು ಯಾರ ಮೇಲೆ?

ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಕಡೆಯ ನಮ್ಮ ಮನೆಗಳಲ್ಲಿ ಅಪ್ಪನಿಗೆ ಎಪ್ಪತ್ತು ದಾಟಿತೆಂದರೆ 'ಇರುವಾಗಲೇ ಹೆಸರಿಗೆ ಮಾಡಿಬಿಡ್ರಿ, ಮುಂದೆ ತಂಟೆ ಬೇಡ' ಎಂಬ ಮಾತು ಶುರುವಾಗುತ್ತದೆ. ಹೆಣ್ಣುಮಕ್ಕಳನ್ನು ಕರೆಸಿ ಹಕ್ಕಸೋಡಪತ್ರಕ್ಕೆ ಸಹಿ ಹಾಕಿಸುತ್ತಾರೆ. ಉಳಿದದ್ದು ಬಕ್ಷೀಸಪತ್ರವಾಗಿ ಗಂಡುಮಕ್ಕಳ ಸಾತಬಾರಾಕ್ಕೆ ಏರುತ್ತದೆ. ಹಿರಿಯರು ಹಾಸಿಗೆ ಹಿಡಿದರೆ ಆಗುವ ಖರ್ಚನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಆ ಲೆಕ್ಕ ಮೊದಲು ಆಗಬೇಕು. ಲಕ್ವಾ ಹೊಡೆದ ತಾಯಿಯನ್ನು ಹಗಲು ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ 9 ಸಾವಿರ, ಔಷಧಿ, ಡೈಪರ್, ವ್ಯಾಯಾಮ ಮಾಡಿಸುವವರಿಗೆ 6 ಸಾವಿರ ಎಂದು ಹಿಡಿಯೋಣ. ನಿಮ್ಮೂರಿನ ದರ ನೀವೇ ಹಾಕಿಕೊಳ್ಳಿ. ವರ್ಷಕ್ಕೆ 1 ಲಕ್ಷ 80 ಸಾವಿರ, ಐದು ವರ್ಷಕ್ಕೆ 9 ಲಕ್ಷ. ರಾತ್ರಿ ಎದ್ದು ಮಗ್ಗಲು ಬದಲಿಸುವ ಸೊಸೆಯ ದುಡಿಮೆ ಇದರಲ್ಲಿ ಸೇರಿಲ್ಲ. 2024ರ ಅಕ್ಟೋಬರಿನಿಂದ 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಅದು ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿ ನೋಡಿಕೊಳ್ಳುವವರ ಪಗಾರ ಅದರಿಂದ ಬರುವುದಿಲ್ಲ. ಬಡ ಹಿರಿಯರಿಗೆ ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆ ಕೊಡುವುದು ತಿಂಗಳಿಗೆ 1,500 ರೂಪಾಯಿ, ಆಚೆ ಕರ್ನಾಟಕದ ಸಂಧ್ಯಾ ಸುರಕ್ಷಾ 1,200. ಉಳಿದದ್ದು ಹೊಲದಿಂದಲೇ ಹುಟ್ಟಬೇಕು.

ಹೆಸರಿಗೆ ಮಾಡಿಕೊಟ್ಟ ಮೇಲೆ ಮಕ್ಕಳು ಕೈಬಿಟ್ಟರೆ? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇದಕ್ಕೇ ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ಮರಳಿ ಪಡೆಯಬಹುದು. ಷರತ್ತು ಇತ್ತು ಎಂಬುದನ್ನು ತೋರಿಸುವುದೇ ಕಷ್ಟ. 2022ರ ಡಿಸೆಂಬರಿನಲ್ಲಿ ರಾಮ್ತಿ ದೇವಿ ಪ್ರಕರಣದಲ್ಲಿ ಒಬ್ಬ ತಾಯಿ ಸೋತರು. ಅವರು ಹೆಣ್ಣುಮಕ್ಕಳಿಗೆ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರಕ್ಕೆ ಅಂಥ ಷರತ್ತು ಇತ್ತೆಂದು ಸಾಬೀತಾಗಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಧ್ಯಪ್ರದೇಶದ ಛತ್ತರಪುರದ ಊರ್ಮಿಳಾ ದೀಕ್ಷಿತ್ ಗೆದ್ದರು. 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟಾಗ, ಕೊನೆಯವರೆಗೂ ನೋಡಿಕೊಳ್ಳುತ್ತೇನೆಂಬ ವಚನಪತ್ರವೂ ಇತ್ತು. 2025ರ ಜನವರಿ 2ರಂದು ಅದೇ ನ್ಯಾಯಾಲಯ ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ಗೆದ್ದರೂ ವರ್ಷಗಳೇ ಹೋದವು. ಎಂಬತ್ತರ ಜೀವಕ್ಕೆ ಅಷ್ಟು ವ್ಯವಧಾನ ಎಲ್ಲಿದೆ?

ಹೀಗಾಗಿ ಬಕ್ಷೀಸಪತ್ರಕ್ಕಿಂತ ಮೃತ್ಯುಪತ್ರವೇ ಮೇಲು ಎಂಬುದು ನನ್ನ ಅಭಿಪ್ರಾಯ. ಜೀವ ಇರುವವರೆಗೆ ಹೊಲ ಹಿರಿಯರ ಹೆಸರಿನಲ್ಲೇ ಇರುತ್ತದೆ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಇಬ್ಬರು ಸಾಕ್ಷಿಗಳು ಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಪಿತ್ರಾರ್ಜಿತದಲ್ಲಿ ತಂದೆ ತನ್ನ ಪಾಲನ್ನಷ್ಟೇ ಬರೆಯಬಹುದು, ಹೆಣ್ಣುಮಕ್ಕಳ ಪಾಲು ಗಂಡುಮಕ್ಕಳಷ್ಟೇ. ಹಂಚಿಕೊಡಲೇಬೇಕು ಎಂದಾದರೆ ನಮ್ಮ ಹಿರಿಯರು ಮಾಡುತ್ತಿದ್ದ ಹಾಗೆ ಪೋಟಗಿಗೆ ಎಂದು ಒಂದು ಪಾಲು ತೆಗೆದಿಡಿ. ಆ ಎರಡು ಮೂರು ಎಕರೆಯ ಲಾವಣಿ ದುಡ್ಡು ನೇರ ತಾಯಿಯ ಖಾತೆಗೆ ಬೀಳಲಿ. ಕೊನೆಗೆ ಆ ಪಾಲು ಯಾರು ಆರೈಕೆ ಮಾಡಿದರೋ ಅವರಿಗೆ ಎಂದು ಮೃತ್ಯುಪತ್ರದಲ್ಲಿ ಹೆಸರು ಹಿಡಿದು ಬರೆಯಬಹುದು. ಹಕ್ಕಸೋಡ ಕೊಟ್ಟ ಮಗಳೇ ಕೊನೆಗೆ ತಾಯಿಯನ್ನು ಕರೆದುಕೊಂಡು ಹೋಗಿರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಮದುವೆಯಾದ ಮಗಳೂ ತಂದೆ-ತಾಯಿಯ ಜೀವನಾಂಶಕ್ಕೆ ಬಾಧ್ಯಳು ಎಂದು 1987ರಲ್ಲೇ, ಮಹಾರಾಷ್ಟ್ರದ ವಿಜಯಾ ಅರ್ಬಟ್ ಪ್ರಕರಣದಲ್ಲಿ ತೀರ್ಪಾಗಿದೆ. ಹೊಣೆ ಇದ್ದವಳಿಗೆ ಪಾಲು ಯಾಕಿಲ್ಲ?

ಪತ್ರ ಈ ಕಡೆ ಮರಾಠಿಯಲ್ಲಿರುತ್ತದೆ. ಅನ್ನ, ವಸ್ತಿ, ಔಷಧೋಪಚಾರ, ನೋಡಿಕೊಳ್ಳುವವರ ಪಗಾರ, ತಪ್ಪಿದರೆ ಪತ್ರ ರದ್ದು ಎಂಬ ಮಾತು ಅದರಲ್ಲಿ ಇದೆಯೇ ಎಂದು ಓದಿಸಿ, ಕನ್ನಡ ಮಾತ್ರ ಬಲ್ಲ ಅಮ್ಮನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.

ಇನ್ನು ಹಿರಿಯರ ಖರ್ಚು. ಮಾಳೇಗಾಂವ ಜಾತ್ರೆಗೆ ಹೋಗಿ ಅಪ್ಪ ದೇವಣಿ ಎತ್ತಿನ ಜೋಡಿ ತಂದ, ಟ್ರ್ಯಾಕ್ಟರ್ ಇದ್ದ ಮನೆಗೆ ಎತ್ತು ಯಾಕೆ ಎಂದು ಮಕ್ಕಳು ಗೊಣಗುತ್ತಾರೆ. ಸ್ವಂತ ಗಳಿಕೆಯ ದುಡ್ಡಾದರೆ ಕೇಳುವ ಹಕ್ಕು ಮಕ್ಕಳಿಗಿಲ್ಲ. ಆರೈಕೆಯ ದುಡ್ಡು ಬೇರೆ ಖಾತೆಯಲ್ಲಿ ಇಟ್ಟಿದ್ದರೆ ಎತ್ತಿನ ಮೇಲೆ ಜಗಳವೂ ಬೀಳುವುದಿಲ್ಲ. (ಆ ಎತ್ತುಗಳ ಚೆಂದ ಬೇರೆಯೇ, ಬಿಡಿ.)

1956ರಲ್ಲಿ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಭಾಲ್ಕಿ, ಔರಾದ ಕಡೆಯೂ ಹೊಲ ಇರುವವರು ಆ ಪಹಣಿಯನ್ನೂ ಈ ಸಾತಬಾರಾವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಎರಡೂ ಕಡೆಯ ಸರ್ವೆ ನಂಬರ್ ಬರೆದರೆ ಒಂದೇ ಮೃತ್ಯುಪತ್ರ ಸಾಕು, ಅದನ್ನು ಯಾವ ನೋಂದಣಿ ಕಚೇರಿಯಲ್ಲಾದರೂ ನೋಂದಾಯಿಸಬಹುದು. ತೀರಿಕೊಂಡ ಮೇಲೆ ಇಲ್ಲಿ ತಲಾಠಿಯಲ್ಲಿ ಫೇರಫಾರ, ಅಲ್ಲಿ ಖಾತೆ ಬದಲಾವಣೆ, ಎರಡನ್ನೂ ಬೇರೆ ಬೇರೆ ಮಾಡಿಸಬೇಕು.

ಜೀವನಾಂಶದ ಅರ್ಜಿಗೆ ಗಡಿಯ ತೊಡಕಿಲ್ಲ. ತಾಯಿ ದೇವಣಿಯಲ್ಲಿ, ಮಗ ಬೀದರದಲ್ಲಿದ್ದರೆ ಎರಡರಲ್ಲಿ ಯಾವ ಕಡೆಯಾದರೂ ಹಾಕಬಹುದು: ಇಲ್ಲಿ ಪ್ರಾಂತ ಕಚೇರಿಯಲ್ಲಿ, ಅಲ್ಲಿ ಸಹಾಯಕ ಆಯುಕ್ತರಲ್ಲಿ. ವಕೀಲರು ಬೇಕಿಲ್ಲ. ಕಾಯ್ದೆಯಂತೆ ಸಿಗುವುದು ತಿಂಗಳಿಗೆ ಹೆಚ್ಚೆಂದರೆ 10 ಸಾವಿರ. ಹಿರಿಯರ ಸಹಾಯವಾಣಿ 14567, ಕರೆ ಉಚಿತ.