ಕರೆಯೂ ಕಸುಬೂ: ಮಂಗಳೂರಿನ ಬಾಸೆಲ್ ಮಿಷನ್

ಮಧ್ಯಯುಗದ ಯುರೋಪಿನಲ್ಲಿ ದೇವರ ಕರೆಯೆಂಬುದು ಬಹುಮಟ್ಟಿಗೆ ಸಂನ್ಯಾಸಿಗಳಿಗೂ ಪಾದ್ರಿಗಳಿಗೂ ಮೀಸಲಾಗಿದ್ದಿತು. ೧೬ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು ಕರೆಯೆಂಬರ್ಥದ ‘ಬೆರೂಫ್’ ಎಂಬ ಜರ್ಮನ್ ಶಬ್ದವನ್ನು ಲೌಕಿಕ ಕಸುಬಿಗೂ ಅನ್ವಯಿಸಲು, ಬಡಗಿಯ ದುಡಿಮೆಯೂ ದೈವಸೇವೆಯೆನಿಸಿತು. ಈ ಭಾವನೆಯನ್ನು ಹೊತ್ತ ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು.

ಅಲ್ಲಿ ಮತಾಂತರ ಹೊಂದಿದವರಲ್ಲಿ ಅನೇಕರು ಜಾತಿಯೊಡನೆ ಜೀವನೋಪಾಯವನ್ನೂ ಕಳೆದುಕೊಂಡರು. ಅವರಿಗಾಗಿ ಮಿಷನ್ನು ೧೮೫೧ರ ಸುಮಾರಿಗೆ ನೇಯ್ಗೆಯನ್ನು ಆರಂಭಿಸಿತು. ೧೮೬೫ರಲ್ಲಿ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಹುಟ್ಟಿನಿಂದ ಬಾರದ ಕಸುಬನ್ನು ಕಲಿತು ಮಾನದಿಂದ ಬಾಳಬಹುದೆಂಬುದು ಇದರಿಂದ ಸಿದ್ಧವಾಯಿತು. ಜಾತಿಗೂ ವೃತ್ತಿಗೂ ಇದ್ದ ಗಂಟು ಅಷ್ಟರ ಮಟ್ಟಿಗೆ ಸಡಿಲವಾಯಿತು.

ಆದರೆ ಕರೆಗೆ ಓಗೊಡುವವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವೂ ಇರಬೇಕಷ್ಟೆ. ಇಲ್ಲಿಯಾದರೋ ಉಪದೇಶ ಮಾಡುವವರೂ ಕೂಲಿ ಕೊಡುವವರೂ ಒಂದೇ ಸಂಸ್ಥೆಯವರು. ಕಾರ್ಖಾನೆಗೆ ಬೇಕಾದ ಶಿಸ್ತು, ಸಮಯಪಾಲನೆಗಳೇ ಭಕ್ತಿಯ ಲಕ್ಷಣಗಳೂ ಆದವು. ಆವಿಗೆಯ ಮುಂದೆ ನಿಂತವನ ದುಡಿಮೆಯಲ್ಲಿ ಕರೆಯೆಷ್ಟು, ನಿರುಪಾಯವೆಷ್ಟು ಎಂಬುದನ್ನು ಮಿಷನ್ನಿನ ವರದಿಗಳಿಂದ ಮಾತ್ರವೇ ಅಳೆಯಲಾಗದು. ವೃತ್ತಿಯೇ ಕರೆಯೆಂಬ ತತ್ತ್ವದ ಸತ್ತ್ವವನ್ನು ಕಾರ್ಮಿಕನಿಗಿದ್ದ ಆಯ್ಕೆಯಿಂದ ಪರೀಕ್ಷಿಸತಕ್ಕದ್ದೆಂದು ನಾವು ಭಾವಿಸುತ್ತೇವೆ.