ಮೂವರು ತೆರೇಸಾ: ಹೆಸರು ಒಂದು, ಬಾಳು ಬೇರೆ

ಅಕ್ಟೋಬರ್ ತಿಂಗಳಲ್ಲಿ ತೆರೇಸಾ ಎಂಬ ಹೆಸರಿನ ಇಬ್ಬರು ಸಂತರ ಹಬ್ಬಗಳು ಎರಡು ವಾರಗಳ ಅಂತರದಲ್ಲಿ ಬರುತ್ತವೆ. ಅದೇ ಹೆಸರಿನ ಮೂರನೆಯವರ ಸ್ಮರಣೆ ಆಗಸ್ಟ್ 9ರಂದು. ಮೂವರೂ ಕಾರ್ಮೆಲ್ ಮಠದವರು, ಮೂವರೂ ಲೇಖಕಿಯರು. ಹೀಗಾಗಿ ಒಬ್ಬರ ಹಬ್ಬಕ್ಕೆ ಇನ್ನೊಬ್ಬರ ಚಿತ್ರ, ಒಬ್ಬರ ಗ್ರಂಥಕ್ಕೆ ಇನ್ನೊಬ್ಬರ ಹೆಸರು ಸೇರಿಬಿಡುವುದುಂಟು. ಕಾರ್ಮೆಲ್ ಭಗಿನಿಯರು 1870ರಲ್ಲೇ ಮಂಗಳೂರಿಗೆ ಬಂದುದರಿಂದ ಈ ಹೆಸರು ನಮ್ಮ ಕರಾವಳಿಗೆ ಹೊಸದಲ್ಲ. ಓದುಗರ ಅನುಕೂಲಕ್ಕಾಗಿ ಮೂವರ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ಅವಿಲಾದ ಸಂತ ತೆರೇಸಾ (1515–1582)

ಸ್ಪೇನ್ ದೇಶದ ಅವಿಲಾದಲ್ಲಿ ಜನನ. ಇವರ ಅಜ್ಜ ಯೆಹೂದಿ ಧರ್ಮದಿಂದ ಕ್ರೈಸ್ತರಾದವರು. 1562ರಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಸಣ್ಣ ಮಠವೊಂದನ್ನು ಸ್ಥಾಪಿಸಿ ಕಾರ್ಮೆಲ್ ಸಭೆಯ ಸುಧಾರಣೆಗೆ ತೊಡಗಿದರು. ಆತ್ಮಕಥೆ ಹಾಗೂ ‘ಪರಿಪೂರ್ಣತೆಯ ಮಾರ್ಗ’ ಇವರ ಕೃತಿಗಳು. 1577ರಲ್ಲಿ ಬರೆದ ‘ಅಂತರಂಗದ ಕೋಟೆ’ಯಲ್ಲಿ ಆತ್ಮವನ್ನು ಏಳು ನಿವಾಸಗಳುಳ್ಳ ಕೋಟೆಗೆ ಹೋಲಿಸಿದ್ದಾರೆ. ಆತ್ಮಕಥೆಯ ಮೇಲೆ ಧರ್ಮವಿಚಾರಣಾ ಮಂಡಳಿಯ ತನಿಖೆ ನಡೆಯಿತು. ಅದು ಅಚ್ಚಾದದ್ದು ಇವರ ಮರಣಾನಂತರ, 1588ರಲ್ಲಿ. 1622ರಲ್ಲಿ ಸಂತ ಪದವಿ. 1970ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಗೌರವ ಪಡೆದ ಪ್ರಥಮ ಮಹಿಳೆ. ಹಬ್ಬ: ಅಕ್ಟೋಬರ್ 15.

ಲಿಸಿಯೂವಿನ ಸಂತ ತೆರೇಸಾ (1873–1897)

ಫ್ರಾನ್ಸ್ ದೇಶದವರು. ನಮ್ಮ ಮನೆಗಳಲ್ಲಿ ‘ಚಿಕ್ಕ ಪುಷ್ಪ’ವೆಂದು ಪರಿಚಿತರು; ಕೈಯಲ್ಲಿ ಶಿಲುಬೆ ಮತ್ತು ಗುಲಾಬಿ ಹಿಡಿದ ಚಿತ್ರ ಇವರದೇ. 15ನೆಯ ವಯಸ್ಸಿನಲ್ಲಿ ಮಠ ಸೇರಿ 24ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಇವರ ‘ಒಂದು ಆತ್ಮದ ಕಥೆ’ 1898ರಲ್ಲಿ ಪ್ರಕಟವಾಯಿತು. ಅದನ್ನು ಇವರ ಅಕ್ಕ ಬಹಳಷ್ಟು ತಿದ್ದಿದ್ದರು. ಮೂಲ ಹಸ್ತಪ್ರತಿಗಳ ಪಾಠ ಹೊರಬಂದದ್ದು 1956ರಲ್ಲಿ. 1925ರಲ್ಲಿ ಸಂತ ಪದವಿ, 1997ರಲ್ಲಿ ಧರ್ಮಸಭೆಯ ಪಂಡಿತೆ. ಮಠದಿಂದ ಹೊರಬಂದು ಸುವಾರ್ತೆ ಸಾರದಿದ್ದರೂ, 1927ರಿಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರೊಂದಿಗೆ ಮಿಷನ್ ಕಾರ್ಯದ ಪಾಲಕಿ. ಹಬ್ಬ: ಅಕ್ಟೋಬರ್ 1.

ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ (1891–1942)

ಮೂಲ ಹೆಸರು ಎಡಿತ್ ಸ್ಟೈನ್. ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲೌ ನಗರದ ಯೆಹೂದಿ ಕುಟುಂಬದವರು. ತತ್ವಜ್ಞಾನಿ ಎಡ್ಮಂಡ್ ಹುಸೆರ್ಲ್ ಅವರ ಶಿಷ್ಯೆ ಹಾಗೂ ಸಹಾಯಕಿ. ಇನ್ನೊಬ್ಬರ ಅನುಭವ ನಮಗೆ ಅರಿವಾಗುವುದು ಹೇಗೆಂಬ ವಿಷಯದಲ್ಲಿ 1916ರಲ್ಲಿ ಡಾಕ್ಟರೇಟ್ ಪಡೆದರು. ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ಪೀಠ ಇವರಿಗೆ ದೊರೆಯಲಿಲ್ಲ. 1921ರ ಬೇಸಿಗೆಯಲ್ಲಿ ಅವಿಲಾದ ತೆರೇಸಾರ ಆತ್ಮಕಥೆಯನ್ನು ಓದಿದರು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. ನಾಜಿ ಕಾನೂನಿನಿಂದ ಬೋಧನೆಯ ಕೆಲಸ ಕಳೆದುಕೊಂಡ 1933ರಲ್ಲೇ ಕಲೋನ್‌ನ ಕಾರ್ಮೆಲ್ ಮಠ ಸೇರಿದರು. ‘ಪರಿಮಿತ ಮತ್ತು ಅನಂತ ಅಸ್ತಿತ್ವ’, ‘ಶಿಲುಬೆಯ ವಿಜ್ಞಾನ’ ಪ್ರಮುಖ ಕೃತಿಗಳು. 1942ರ ಜುಲೈ 26ರಂದು ಯೆಹೂದಿಗಳ ಗಡೀಪಾರನ್ನು ಖಂಡಿಸಿದ ಡಚ್ ಧರ್ಮಾಧ್ಯಕ್ಷರ ಪತ್ರವನ್ನು ಚರ್ಚುಗಳಲ್ಲಿ ಓದಲಾಯಿತು. ಆಗಸ್ಟ್ 2ರಂದು ಇವರನ್ನೂ ತಂಗಿ-ಅಕ್ಕಂದಿರಲ್ಲಿ ಒಬ್ಬರಾದ ರೋಸಾರನ್ನೂ ಬಂಧಿಸಲಾಯಿತು. ಆಗಸ್ಟ್ 9ರಂದು ಆಶ್ವಿಟ್ಸ್‌ನಲ್ಲಿ ಹತ್ಯೆ. 1998ರಲ್ಲಿ ಸಂತ ಪದವಿ.

ಹೆಸರುಗಳನ್ನು ಬೆರೆಸಿದರೆ ಏನು ನಷ್ಟ ಎಂದು ಕೆಲವರು ಕೇಳುವುದುಂಟು. ಮೂವರನ್ನೂ ‘ಚಿಕ್ಕ ಪುಷ್ಪ’ವಾಗಿಸಿದರೆ, ತನಿಖೆಯ ನಡುವೆಯೂ ಬರೆದ ಸುಧಾರಕಿ ಮರೆಯಾಗುತ್ತಾರೆ. ಎಡಿತ್ ಸ್ಟೈನ್ ಎಂಬ ಹೆಸರನ್ನು ಬಿಟ್ಟುಬಿಟ್ಟರೆ, ಯೆಹೂದಿಯಾಗಿ ಹುಟ್ಟಿದ ಕಾರಣಕ್ಕೇ ಆಕೆಯನ್ನು ಕೊಂದರೆಂಬ ಸತ್ಯವೂ ಮುಚ್ಚಿಹೋಗುತ್ತದೆ. ಆದ್ದರಿಂದ ಹಬ್ಬದ ಪ್ರಕಟಣೆಯಲ್ಲಿ ಬರೀ ‘ಸಂತ ತೆರೇಸಾ’ ಎನ್ನದೆ, ಊರು ಅಥವಾ ಪೂರ್ಣ ಹೆಸರನ್ನು ಸೇರಿಸಿ ಬರೆಯುವಂತೆ ಧರ್ಮಕೇಂದ್ರಗಳ ಕಾರ್ಯಕರ್ತರಲ್ಲಿ ವಿನಂತಿಸುತ್ತೇವೆ.