ಬೆಂಗಳೂರು ಮುಸ್ಲಿಮ್ಸ್ ಕಾಲ್ಚೆಂಡು ತಂಡ: ರೋವರ್ಸ್ ಕಪ್ ವಿಜಯ, 1937

ಬ್ರಿಟಿಷ್ ಸೈನಿಕರೊಡನೆ ಬೆಂಗಳೂರಿನ ದಂಡಿಗೆ ಬಂದ ಕಾಲ್ಚೆಂಡಾಟವು ಕ್ರಮೇಣ ನಗರದ ಕೇರಿ ಮೊಹಲ್ಲಾಗಳ ತರುಣರನ್ನು ಆಕರ್ಷಿಸಿ, ಅವರೊಳಗಿಂದಲೇ ಸಮರ್ಥ ತಂಡಗಳನ್ನು ರೂಪಿಸಿತು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ಕಾಲ್ಚೆಂಡು ಪಂದ್ಯಾವಳಿ ರೋವರ್ಸ್ ಕಪ್ ನಾಲ್ಕು ದಶಕಗಳಿಗೂ ಮಿಕ್ಕಿ ಸೇನಾದಳಗಳ ಸ್ವತ್ತಾಗಿಯೇ ಉಳಿದಿದ್ದಿತು.

1937ರ ಅಂತಿಮ ಪಂದ್ಯದಲ್ಲಿ, 1934ರಿಂದ ಎಡೆಬಿಡದೆ ಕಲ್ಕತ್ತಾ ಲೀಗನ್ನು ಗೆಲ್ಲುತ್ತ ಬಂದಿದ್ದ ಬಲಾಢ್ಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಒಂದೇ ಒಂದು ಗೋಲಿನಿಂದ ಪರಾಭವಗೊಳಿಸಿದ, ನಗರದ ಅಂಥ ತಂಡಗಳಲ್ಲೊಂದಾದ ಬೆಂಗಳೂರು ಮುಸ್ಲಿಮ್ಸ್, ಆ ಕಪ್ಪನ್ನು ಗೆದ್ದ ಪ್ರಥಮ ಭಾರತೀಯ ನಾಗರಿಕ ತಂಡವೆನಿಸಿತು. ಮರುವರ್ಷವೂ ಅದನ್ನು ತನ್ನಲ್ಲಿಯೇ ಉಳಿಸಿಕೊಂಡು, ಸ್ವತಂತ್ರ ಭಾರತದಲ್ಲಿ, 1948ರಲ್ಲಿ, ಮೋಹನ್ ಬಾಗಾನ್ ತಂಡವನ್ನು ಜಯಿಸಿ ಮೂರನೆಯ ಬಾರಿ ಪಡೆಯಿತು.

ಕರ್ನಾಟಕದ ಕ್ರೀಡೇತಿಹಾಸದಲ್ಲಿ ಈ ವಿಜಯತ್ರಯಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು.